ತೋಳು ನಿಂತಾಗಲೆಲ್ಲ ಮಿತಿ ಏರಿಸಿದರು: ಹಾಸನದ ಕಾಫಿಪುಡಿ ಘಟಕವೊಂದರ ಪ್ರಕರಣ

ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ಕಾಫಿಪುಡಿ ಘಟಕವೊಂದರಿಂದ ನನಗೆ ಕರೆ ಬಂದದ್ದು ಆಷಾಢದ ಒಂದು ಬೆಳಿಗ್ಗೆ, ಜಡಿಮಳೆಯ ನಡುವೆ. ಹಿಂದಿನ ಸಂಜೆಯ ಪಾಳಿಯಲ್ಲಿ, ಪುಡಿ ಪೊಟ್ಟಣ ತುಂಬಿದ ಪೆಟ್ಟಿಗೆಗಳನ್ನು ಪ್ಯಾಲೆಟ್ ಮೇಲೆ ಪೇರಿಸುವ ರೋಬೋಟ್ ತೋಳು ಅಲ್ಲಿನ ಕೆಲಸಗಾರ್ತಿಯೊಬ್ಬರ ಮುಂಗೈಯನ್ನು ಎರಡು ಪೆಟ್ಟಿಗೆಗಳ ನಡುವೆ ಅದುಮಿ ಹಿಡಿದಿತ್ತು. ಸೊಟ್ಟಗೆ ಕುಳಿತಿದ್ದ ಪೆಟ್ಟಿಗೆಯೊಂದನ್ನು ನೇರ ಮಾಡಲು ಅವರು ಕೈ ಚಾಚಿದ್ದರು. ತೋಳಿಗೆ ಅಡ್ಡಿ ತಗುಲಿತು, ನಿಂತಿತು. ಆದರೆ ನಿಂತಲ್ಲೇ ನಿಂತಿತು. ಅದುಮಿದ ಪೆಟ್ಟಿಗೆಯನ್ನು ಎತ್ತಲಿಲ್ಲ.

ಬಿಡಿಸುವುದು ಹೇಗೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಬ್ಬರು ಓಡಿಬಂದು ಕೆಂಪು ಗುಂಡಿ ಒತ್ತಿದರು. ಬ್ರೇಕ್ ಬಿದ್ದು ತೋಳು ಇನ್ನಷ್ಟು ಬಿಗಿಯಾಯಿತು. ಕೊನೆಗೆ ಪಕ್ಕದಲ್ಲಿ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದ ಹೆಂಗಸು ತಮ್ಮ ಕೈಯಲ್ಲಿದ್ದ ಬ್ಲೇಡಿನಿಂದಲೇ ಕೆಳಗಿನ ಪೆಟ್ಟಿಗೆಯ ಬದಿ ಸೀಳಿ, ಒಳಗಿನ ಅರ್ಧ ಕೆ.ಜಿ. ಪೊಟ್ಟಣಗಳನ್ನು ಒಂದೊಂದಾಗಿ ಹೊರಗೆಳೆದರು. ಆರನೆಯದೋ ಏಳನೆಯದೋ ಬಂದಾಗ ರಟ್ಟು ಕುಸಿಯಿತು, ಕೈ ಹೊರಬಂತು. ಮೂಳೆ ಮುರಿದಿರಲಿಲ್ಲ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಅಡ್ಡಲಾಗಿ ನೀಲಿಗಟ್ಟಿದ ಪಟ್ಟಿ, ಒಡೆದ ಗಾಜಿನ ಬಳೆಯ ಎರಡು ಗೀರು.

ಮಾಲೀಕರು ಬಾಗಿಲಲ್ಲೇ ಕೇಳಿದರು: “ಸರ್, ಮಿಷನ್ ಕೆಟ್ಟಿದೆಯೋ ನೋಡಿ ಹೇಳಿ. ಕೆಟ್ಟಿಲ್ಲವೆಂದರೆ ಸುತ್ತಲೂ ಬೇಲಿ ಹಾಕಿಸಿಬಿಡುತ್ತೇನೆ. ದೇವರ ದಯೆ, ಮೂಳೆಗೆ ಏನೂ ಆಗಿಲ್ಲ.” ಮೂಳೆಗೆ ಏನೂ ಆಗದಿರುವುದು ನಮ್ಮ ಲೆಕ್ಕಾಚಾರದಿಂದಲ್ಲ, ಒದ್ದೆ ರಟ್ಟು ಮೆತ್ತಗಿದ್ದುದರಿಂದ ಎಂದು ನಾನು ಅವರಿಗೆ ನೇರವಾಗಿಯೇ ಹೇಳಿದೆ. 1979ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎರಕದ ಕಾರ್ಖಾನೆಯೊಂದರಲ್ಲಿ ಯುವಕನೊಬ್ಬ ರೋಬೋಟ್ ಬಡಿದು ಸತ್ತದ್ದು ಇಂಥ ಸಾವುಗಳಲ್ಲಿ ಮೊದಲನೆಯದೆಂದು ದಾಖಲಾಗಿದೆ. ನಮ್ಮ ದೇಶದಲ್ಲೇ 2015ರಲ್ಲಿ ಮಾನೇಸರದ ಕಾರ್ಖಾನೆಯೊಂದರಲ್ಲಿ ಕಾರ್ಮಿಕರೊಬ್ಬರು ರೋಬೋಟಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವು ಭಾರೀ ಯಂತ್ರಗಳು, ಇದು ಹಗುರವಾದದ್ದು, ನಿಜ. ಆದರೆ ಮನುಷ್ಯರ ಕೈ ಎಲ್ಲ ಕಡೆಯೂ ಒಂದೇ.

ಈಗ ಯಂತ್ರದ ವಿವರ. ಆರು ಕೀಲುಗಳ ತೋಳು, 12.5 ಕೆ.ಜಿ. ಹೊರಬಲ್ಲದು, 1.3 ಮೀಟರ್ ಚಾಚಬಲ್ಲದು. ಕೋಬಾಟ್, ಅಂದರೆ ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ‘ಸಹಯೋಗಿ ರೋಬೋಟ್’, ಎಂಬ ಹೆಸರಿನಲ್ಲಿ ಮಾರುವ ವರ್ಗದ್ದು. ಮೂರು ಪೊಟ್ಟಣ ತುಂಬುವ ಯಂತ್ರಗಳಿಂದ ಬರುವ ಸರಕು ಒಂದೇ ಕನ್ವೇಯರಿನ ಕೊನೆಗೆ ಬಂದು ಸೇರುತ್ತದೆ. ಒಂದು ಪೆಟ್ಟಿಗೆಯಲ್ಲಿ 16 ಪೊಟ್ಟಣ, ಅಂದರೆ 8 ಕೆ.ಜಿ.; ರಟ್ಟು ಸೇರಿ 8.4. ತೋಳಿನ ತುದಿಯಲ್ಲಿ ನಾಲ್ಕು ವ್ಯಾಕ್ಯೂಮ್ ಕಪ್‌ಗಳ ಗ್ರಿಪ್ಪರ್ ಇದೆ, ಅದರ ತೂಕ 2.6. ಹನ್ನೆರಡು ಸೆಕೆಂಡಿಗೊಂದು ಪೆಟ್ಟಿಗೆ. ಇಬ್ಬರು ಹೆಂಗಸರು ಟೇಪ್ ಅಂಟಿಸಿ, ಮುದ್ರೆ ನೋಡಿ ಪೆಟ್ಟಿಗೆ ಮುಂದೆ ಬಿಡುತ್ತಾರೆ. ತುಂಬಿದ ಪ್ಯಾಲೆಟ್ ಎಳೆದುಕೊಂಡು ಹೋಗಲು ಒಬ್ಬ ಹುಡುಗ.

ಮಾರುವಾಗ ಹೇಳಿದ್ದ ಮಾತು ಎಲ್ಲರ ಬಾಯಲ್ಲೂ ಇತ್ತು: “ಇದು ಮನುಷ್ಯರನ್ನು ಮುಟ್ಟಿದರೆ ನಿಲ್ಲುತ್ತದೆ, ಬೇಲಿ ಬೇಡ.” ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಟ್ಟಿದರೆ ನಿಲ್ಲುವುದಿಲ್ಲ; ನಾವು ಬರೆದುಕೊಟ್ಟ ಬಲವನ್ನು ಮೀರಿದರೆ ನಿಲ್ಲುತ್ತದೆ. ಬರೆದದ್ದು ಎಷ್ಟು, ಯಾರು ಬರೆದರು, ಯಾಕೆ ಬರೆದರು ಎಂಬುದೇ ಇಲ್ಲಿನ ಪ್ರಶ್ನೆ. ರೋಬೋಟ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10218 ಅನ್ನು 2025ರಲ್ಲಿ ಪರಿಷ್ಕರಿಸಿದಾಗ ‘ಸಹಯೋಗಿ ರೋಬೋಟ್’ ಎಂಬ ಮಾತನ್ನೇ ಬಿಟ್ಟು, ‘ಸಹಯೋಗಿ ಬಳಕೆ’ ಎಂದು ಬರೆದರು. ತೋಳು, ಅದು ಹಿಡಿದ ವಸ್ತು, ನಿಂತ ಜಾಗ, ಓಡಾಡುವ ಜನ, ಎಲ್ಲವನ್ನೂ ಕೂಡಿಸಿಯೇ ಸುರಕ್ಷಿತವೋ ಅಲ್ಲವೋ ಎಂದು ಹೇಳಬೇಕು ಎನ್ನುವುದು ಅದರ ಅರ್ಥ.

ತೋಳಿಗೆ ಅಪ್ಪಣೆ ಕೊಡುವ ಕೈಪರದೆಯನ್ನು, ಪೆಂಡೆಂಟ್ ಎನ್ನುವುದನ್ನು, ಕೈಗೆತ್ತಿಕೊಂಡೆ. ಸುರಕ್ಷತಾ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಅದರ ಹಿಂಬದಿಯಲ್ಲೇ ಬಿಳಿ ಟೇಪಿನ ಮೇಲೆ ಬರೆದಿತ್ತು. ಒಳಗೆ ಬಲದ ಮಿತಿ 250 ನ್ಯೂಟನ್ (ಸುಮಾರು 25 ಕೆ.ಜಿ. ಭಾರ ಅದುಮಿದಷ್ಟು), ತುದಿಯ ವೇಗದ ಮಿತಿ ಸೆಕೆಂಡಿಗೆ 1500 ಮಿ.ಮೀ. ನಿರ್ವಹಣೆಯ ಪುಸ್ತಕದಲ್ಲಿ ಮೂರು ತಿಂಗಳಲ್ಲಿ ನಾಲ್ಕು ಬಾರಿ ಒಂದೇ ವಾಕ್ಯ, ಒಂದೇ ಕೈಬರಹ: “ತೋಳು ಪದೇ ಪದೇ ನಿಲ್ಲುತ್ತಿದೆ. ಮಿತಿ ಏರಿಸಲಾಗಿದೆ.” 120ರಿಂದ ಹೊರಟದ್ದು ನಾಲ್ಕು ಮೆಟ್ಟಿಲು ಹತ್ತಿ 250ಕ್ಕೆ ಬಂದು ಕುಳಿತಿತ್ತು. ಬರೆದವನು ಪಾಳಿಯ ಮೇಲ್ವಿಚಾರಕ, ಒಳ್ಳೆಯ ಹುಡುಗ, ಕೆಲಸದಲ್ಲಿ ಶ್ರದ್ಧೆಯುಳ್ಳವನು. ಲೈನ್ ನಿಂತರೆ ಬೈಗುಳ ತಿನ್ನುವವನು ಅವನೇ. ನಾನು ಅವನನ್ನು ದೂರಲಿಲ್ಲ. ತೋಳು ಯಾಕೆ ನಿಲ್ಲುತ್ತಿದೆ ಎಂದು ಹುಡುಕುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏರಿಸುವುದು ಹೇಗೆಂದು ಮಾತ್ರ ಹೇಳಿಕೊಟ್ಟಿದ್ದರು.

ತೋಳು ತಾನು ನಿಂತ ಪ್ರತಿ ಸಲವನ್ನೂ ಗಂಟೆ, ನಿಮಿಷ, ಸೆಕೆಂಡ್ ಸಮೇತ ಬರೆದಿಟ್ಟುಕೊಳ್ಳುತ್ತದೆ. ಮೊದಲ ವಾರಗಳ ಆ ದಾಖಲೆಯನ್ನು ಇಳಿಸಿಕೊಂಡು, ವ್ಯಾಕ್ಯೂಮ್ ಚಾಲೂ ಆದ ಮತ್ತು ಬಂದ್ ಆದ ಹೊತ್ತಿನ ಪಕ್ಕದಲ್ಲಿಟ್ಟು ನೋಡಿದೆ. ರಾತ್ರಿ ಹನ್ನೊಂದರವರೆಗೆ ಅದೇ ಕೆಲಸ. ನಿಲುಗಡೆಗಳಲ್ಲಿ ಬಹುಪಾಲು ಎರಡೇ ಕಡೆ ಗುಂಪುಗಟ್ಟಿದ್ದವು: ಪೆಟ್ಟಿಗೆ ಎತ್ತಿದ ಕೂಡಲೇ ಕೆಲವು, ಪೆಟ್ಟಿಗೆ ಬಿಟ್ಟ ಕೂಡಲೇ ಅದಕ್ಕಿಂತ ಹೆಚ್ಚು. ಯಾರಾದರೂ ತಗುಲಿ ನಿಲ್ಲುತ್ತಿದ್ದರೆ ಅದು ದಾರಿಯ ಎಲ್ಲೆಂದರಲ್ಲಿ ಆಗಬೇಕಿತ್ತು.

ತೂಕದ ಪುಟ ತೆರೆದಾಗ ಕಾರಣ ಕಣ್ಣೆದುರೇ ಇತ್ತು. ತೋಳಿಗೆ ಹೇಳಿದ್ದ ತೂಕ 8.4 ಕೆ.ಜಿ., ಅಂದರೆ ಪೆಟ್ಟಿಗೆಯದ್ದು ಮಾತ್ರ; ಗ್ರಿಪ್ಪರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪೆಟ್ಟಿಗೆ ಹಿಡಿದಾಗ ನಿಜವಾದ ಭಾರ 11 ಕೆ.ಜಿ. ಬಿಟ್ಟ ಮೇಲೆ ಬರೀ 2.6. ಆದರೆ ತೋಳು ದಿನವಿಡೀ, ಹೋಗುವಾಗಲೂ ಬರುವಾಗಲೂ, ತನ್ನ ಕೈಯಲ್ಲಿ 8.4 ಇದೆ ಎಂದೇ ನಂಬಿತ್ತು. ತುಂಬಿದ ಕೊಡವೆಂದುಕೊಂಡು ಖಾಲಿ ಕೊಡ ಎತ್ತಿದರೆ ನಮ್ಮ ಕೈ ಹೇಗೆ ಮೇಲಕ್ಕೆ ಚಿಮ್ಮುತ್ತದೆಯೋ ಹಾಗೆ, ಪೆಟ್ಟಿಗೆ ಬಿಟ್ಟೊಡನೆ ತೋಳಿನ ಲೆಕ್ಕಕ್ಕೂ ನಿಜಕ್ಕೂ 5.8 ಕೆ.ಜಿ. ಅಂತರ ಬೀಳುತ್ತಿತ್ತು. ಕೀಲುಗಳಲ್ಲಿ ತಾನು ಎಣಿಸದ ಬಲ ಕಂಡೊಡನೆ ಇಂಥ ತೋಳು ಯಾರಿಗೋ ತಗುಲಿದೆನೆಂದು ತಿಳಿದು ನಿಲ್ಲುತ್ತದೆ. ಅದು ಮಾಡಬೇಕಾದದ್ದನ್ನೇ ಮಾಡುತ್ತಿತ್ತು. ಭಾರದ ಕೇಂದ್ರವೂ ತಪ್ಪಾಗಿತ್ತು: ಪೆಟ್ಟಿಗೆಯ ಭಾರ ತೋಳಿನ ತುದಿಯಿಂದ ಒಂದು ಗೇಣು ಕೆಳಗೆ ತೂಗುತ್ತಿದ್ದರೆ, ಸೆಟ್ಟಿಂಗಿನಲ್ಲಿ ಅದು ತುದಿಯಲ್ಲೇ ಇದೆ ಎಂದಿತ್ತು. ತಿರುಗುವಾಗ ಕುಲುಕುತ್ತಿದ್ದುದು ಅದಕ್ಕೇ.

ಗ್ರಿಪ್ಪರನ್ನು ಕಳಚಿ ಗೋದಾಮಿನ ತಕ್ಕಡಿಯಲ್ಲಿ ತೂಗಿದೆವು. ಪ್ರೋಗ್ರಾಮಿನಲ್ಲಿ ಪೆಟ್ಟಿಗೆ ಹಿಡಿದ ಗಳಿಗೆಗೆ 11, ಬಿಟ್ಟ ಗಳಿಗೆಗೆ 2.6 ಎಂದು ಬದಲಾಗುವಂತೆ ಬರೆದು, ಭಾರದ ಕೇಂದ್ರ ಸರಿಪಡಿಸಿ, ಬಲದ ಮಿತಿಯನ್ನು ಮೊದಲಿನ 120ಕ್ಕೆ ಇಳಿಸಿದೆ. ಲೈನಿನ ಸುತ್ತ ಹಗ್ಗ ಕಟ್ಟಿ ಒಂದು ಇಡೀ ಪಾಳಿ ಓಡಿಸಿದೆವು. ತೋಳು ಒಮ್ಮೆಯೂ ಸುಮ್ಮನೆ ನಿಲ್ಲಲಿಲ್ಲ. ಮೇಲ್ವಿಚಾರಕ ಪುಸ್ತಕ ತೆರೆದು ತಾನು ಬರೆದ ನಾಲ್ಕು ಸಾಲುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ನಾಲ್ಕು ಸಲವೂ ತೋಳು ಹೇಳುತ್ತಿದ್ದುದು ‘ತೂಕ ತಪ್ಪಾಗಿದೆ’ ಎಂದು. ನಾಲ್ಕು ಸಲವೂ ನಾವು ಅದರ ಕಿವಿ ಮಂದಮಾಡಿದೆವು.

ಎರಡನೆಯ ದೋಷ ನನಗೆ ತಿಳಿದದ್ದು ನೆಲದಿಂದ. ಕನ್ವೇಯರಿನ ಪಕ್ಕ ಸಿಮೆಂಟಿನ ಮೇಲೆ ಸೀಮೆಸುಣ್ಣದ ಬಾಗಿದ ಗೆರೆಯೊಂದು ಇತ್ತು; ಅಲ್ಲಲ್ಲಿ ಅಳಿಸಿ, ಮತ್ತೆ ತಿದ್ದಿದ್ದು. ಕೇಳಿದೆ. ಬ್ಲೇಡಿನಿಂದ ಪೆಟ್ಟಿಗೆ ಸೀಳಿದ ಆ ಅಕ್ಕನೇ ಹೇಳಿದರು: “ನಾವೇ ಹಾಕಿಕೊಂಡದ್ದು ಸರ್. ಆ ಕೈ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ ಗೆರೆ ಎಳೆದಿದ್ದೇವೆ. ಅದರ ಆಚೆಯೇ ಓಡಾಡುತ್ತೇವೆ.” ನನ್ನ ಕೈಯಲ್ಲಿದ್ದ ನಕ್ಷೆಯ ಪ್ರಕಾರ ತೋಳು ಅಷ್ಟು ದೂರ ಬರಲೇಬಾರದು. ಟೇಪ್ ಹಿಡಿದು ಅಳೆದೆ. ಗೆರೆ ನಕ್ಷೆಗಿಂತ 30 ಸೆಂ.ಮೀ. ಆಚೆಗಿತ್ತು. ಮತ್ತೆ ಮತ್ತೆ ಅಳೆದೆ. ತಪ್ಪಿದ್ದುದು ನಕ್ಷೆಯೇ.

ಆದದ್ದು ಹೀಗೆ. ತೋಳು ದಾಟಬಾರದ ಕಾಣದ ಗೋಡೆಗಳನ್ನು, ಸೇಫ್ಟಿ ಪ್ಲೇನ್ ಎನ್ನುವುದನ್ನು, ಅಳವಡಿಸಿದವರು ಸರಿಯಾಗಿಯೇ ಹಾಕಿದ್ದರು. ಆಮೇಲೆ ಪ್ಯಾಲೆಟ್ ಎಳೆಯುವ ಗಾಡಿಯ ಹಿಡಿ ತಗುಲುತ್ತದೆಂದು ಯಾರೋ ತೋಳಿನ ಕಂಬವನ್ನು ಬೋಲ್ಟ್ ಬಿಚ್ಚಿ ಒಂದಡಿ ಸರಿಸಿದರು, ಪೇರಿಸುವ ಜಾಗವನ್ನು ಹೊಸದಾಗಿ ಕಲಿಸಿದರು. ಆದರೆ ಆ ಗೋಡೆಗಳ ಅಳತೆ ಕೋಣೆಯಿಂದಲ್ಲ, ತೋಳಿನ ಬುಡದಿಂದ. ಕಂಬ ಸರಿದರೆ ಗೋಡೆಗಳೂ ಜೊತೆಗೇ ಸರಿಯುತ್ತವೆ. ಹೆಂಗಸರು ನಡೆಯುವ ದಾರಿಯ ಒಂದಡಿ ತೋಳಿನ ಪಾಲಾಯಿತು. ಪರದೆಯ ಮೇಲೆ ಎಲ್ಲವೂ ಹಸಿರಾಗಿಯೇ ಇತ್ತು. ಆ ಕೋಣೆಯಲ್ಲಿ ಸತ್ಯ ಹೇಳುತ್ತಿದ್ದ ಏಕೈಕ ಗೆರೆ ಸೀಮೆಸುಣ್ಣದ್ದು. ಅದನ್ನು ಎಳೆದವರನ್ನು ಯಾರೂ ಏನೂ ಕೇಳಿರಲಿಲ್ಲ ಎನ್ನುವುದು ನನಗೆ ಈಗಲೂ ನೋವಿನ ವಿಷಯ.

ಇನ್ನು ಸಂಖ್ಯೆಗಳು. ಮಿತಿ 120 ಇರಬೇಕೋ 150 ಇರಬೇಕೋ ಎಂಬುದನ್ನು ಯಂತ್ರವನ್ನು ಕೇಳಿ ತೀರ್ಮಾನಿಸುವಂತಿಲ್ಲ, ಎದುರು ನಿಂತವರ ಮೈಯನ್ನು ಕೇಳಬೇಕು. 2016ರಲ್ಲಿ ಬಂದ ಐಎಸ್‌ಒ/ಟಿಎಸ್ 15066 ಎಂಬ ದಾಖಲೆಯಲ್ಲಿ ದೇಹದ ಒಂದೊಂದು ಭಾಗ ಎಷ್ಟು ಬಲ ತಾಳಬಹುದೆಂಬ ಪಟ್ಟಿ ಇದೆ. ಅದುಮಿ ಹಿಡಿಯುವ ಬಲವಾದರೆ ಅಂಗೈ ಮತ್ತು ಬೆರಳಿಗೆ 140 ನ್ಯೂಟನ್, ಮುಂಗೈಗೆ 160, ಎದೆಗೆ 140, ಹೊಟ್ಟೆಗೆ 110, ಮುಖಕ್ಕೆ 65. ತಗುಲಿ ಕೂಡಲೇ ದೂರ ಸರಿಯುವ ಪೆಟ್ಟಾದರೆ ಕೈ, ಎದೆ ಮುಂತಾದ ಕಡೆ ಇದರ ಎರಡರಷ್ಟು. ತಲೆ ಮತ್ತು ಮುಖಕ್ಕೆ ಆ ರಿಯಾಯಿತಿ ಇಲ್ಲ. ಗಾಯಗೊಂಡವರ ಮುಂಗೈ ತಾಳಬಹುದಾದದ್ದು 160. ತೋಳಿಗೆ ಕೊಟ್ಟ ಅಪ್ಪಣೆ 250.

ವೇಗಕ್ಕೂ ಇದೇ ಪಟ್ಟಿಯಿಂದ ಲೆಕ್ಕ ಬರುತ್ತದೆ. ತೋಳಿನ ಚಲಿಸುವ ಭಾಗಗಳ ತೂಕ ಸುಮಾರು 30 ಕೆ.ಜಿ. ಎಂದು ಹಿಡಿದೆ. ಆ ದಾಖಲೆಯ ಸೂತ್ರದಂತೆ ಅದರ ಅರ್ಧ 15, ಹೊತ್ತ ಭಾರ 11, ಒಟ್ಟು 26 ಕೆ.ಜಿ. ಎದುರಿಗೆ ಎದೆಯ ಭಾಗಕ್ಕೆ 40 ಕೆ.ಜಿ., ಒಂದು ಮಿ.ಮೀ. ಕುಗ್ಗಲು 25 ನ್ಯೂಟನ್ ಬೇಕಾಗುವ ಸ್ಪ್ರಿಂಗಿನಂತೆ ಅದು ವರ್ತಿಸುತ್ತದೆ ಎನ್ನುತ್ತದೆ ಪಟ್ಟಿ. ಪೆಟ್ಟಿನ ಮಿತಿ 280 ನ್ಯೂಟನ್. ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 445 ಮಿ.ಮೀ. ಬರುತ್ತದೆ. ಓಡುತ್ತಿದ್ದುದು 1500ರಲ್ಲಿ.

ಲೆಕ್ಕ ಆರಂಭಕ್ಕೆ ಮಾತ್ರ, ಅಳೆಯದೆ ನಂಬಬಾರದು. ಬೆಂಗಳೂರಿನಿಂದ ಬಲ ಅಳೆಯುವ ಉಪಕರಣವೊಂದನ್ನು ಬಾಡಿಗೆಗೆ ತರಿಸಿದೆ. ಅದರೊಳಗೆ ಮನುಷ್ಯರ ಕೈಯಷ್ಟೇ ಗಡಸಾದ ಸ್ಪ್ರಿಂಗ್ ಇರುತ್ತದೆ, ಮೇಲೆ ರಬ್ಬರಿನ ಪದರ. ಮಿತಿ 120 ಎಂದಿಟ್ಟು, ಪ್ಯಾಲೆಟ್ಟಿನ ದೂರದ ಮೂಲೆಯಲ್ಲಿ ಅದುಮಿಸಿದಾಗ 104 ತೋರಿಸಿತು. ಅದೇ ಮಿತಿಯಲ್ಲಿ, ಕಂಬಕ್ಕೆ ಹತ್ತಿರದ ಮೂಲೆಯಲ್ಲಿ 151. ಬುಡದ ಹತ್ತಿರ ಮಡಚಿಕೊಂಡಾಗ ತೋಳಿನ ತುದಿಯ ದೊಡ್ಡ ಬಲವೂ ಕೀಲಿಗೆ ಸಣ್ಣದಾಗಿ ಕಾಣುತ್ತದೆ, ಹಾಗಾಗಿ ಅದಕ್ಕೆ ತಡವಾಗಿ ಗೊತ್ತಾಗುತ್ತದೆ. ಪರದೆಯ ಮೇಲೆ 120 ಎಂದು ಬರೆದ ಮಾತ್ರಕ್ಕೆ ಎಲ್ಲೆಡೆಯೂ 120 ಆಗುವುದಿಲ್ಲ ಎಂದು ಮೇಲ್ವಿಚಾರಕನಿಗೆ ಅವನ ಕೈಯಿಂದಲೇ ಅಳೆಸಿ ತೋರಿಸಿದೆ. ಕಂಬದ ಪಕ್ಕದ ಆ ಮೂಲೆಯನ್ನು ಪ್ಲೇನ್ ಹಾಕಿ ಪೂರ್ತಿ ಮುಚ್ಚಿ, ಪ್ಯಾಲೆಟ್ಟನ್ನೇ ದೂರ ತಳ್ಳಿದೆವು. ಗ್ರಿಪ್ಪರಿನ ಅಲ್ಯೂಮಿನಿಯಂ ಅಂಚುಗಳಿಗೆ ದಪ್ಪ ಫೋಮ್ ಸುತ್ತಿದೆವು; ಅದೇ ಬಲ ಚೂಪು ಅಂಚಿನಿಂದ ಬಂದರೆ ಚರ್ಮ ಕತ್ತರಿಸುತ್ತದೆ.

445ರ ವೇಗದಲ್ಲಿ ಸದಾ ಓಡಿದರೆ ಕನ್ವೇಯರಿನಲ್ಲಿ ಪೆಟ್ಟಿಗೆ ರಾಶಿ ಬೀಳುತ್ತದೆ. ಮಾಲೀಕರ ಮುಖ ಸಪ್ಪಗಾಯಿತು. ಯಾರೂ ಹತ್ತಿರ ಇಲ್ಲದಾಗ ವೇಗವಾಗಿ, ಬಂದಾಗ ನಿಧಾನವಾಗಿ ಎನ್ನುವುದು ದಾರಿ. ಅದಕ್ಕೆ ನೆಲಮಟ್ಟದಲ್ಲಿ ಲೇಸರ್ ಸ್ಕ್ಯಾನರ್ ಬೇಕು. ಎಷ್ಟು ದೂರದಲ್ಲಿ ಗುರುತಿಸಬೇಕೆಂಬುದಕ್ಕೂ ಐಎಸ್‌ಒ 13855ರಲ್ಲಿ ಸೂತ್ರ ಇದೆ. ಮನುಷ್ಯರು ಸೆಕೆಂಡಿಗೆ 1600 ಮಿ.ಮೀ. ನಡೆದು ಬರುತ್ತಾರೆಂದು ಹಿಡಿಯಬೇಕು. ಸ್ಕ್ಯಾನರಿಗೆ ಕಾಣಲು, ಸುದ್ದಿ ಮುಟ್ಟಲು, ತೋಳು ವೇಗ ಇಳಿಸಲು ಎಲ್ಲ ಸೇರಿ 0.6 ಸೆಕೆಂಡ್, ಅಷ್ಟರಲ್ಲಿ 960 ಮಿ.ಮೀ. ಬಂದಿರುತ್ತಾರೆ. ಸ್ಕ್ಯಾನರಿಗೆ ಕಾಣುವುದು ಕಾಲು, ಆದರೆ ಚಾಚಿದ ಕೈ ಕಾಲಿಗಿಂತ ಮುಂದಿರುತ್ತದೆ. ನೆಲದಿಂದ 200 ಮಿ.ಮೀ. ಎತ್ತರದ ಸ್ಕ್ಯಾನರಿಗೆ ಆ ಬಾಬ್ತು 1120. ಒಟ್ಟು 2080 ಮಿ.ಮೀ.

ಎರಡು ಮೀಟರಿಗಿಂತ ಹೆಚ್ಚು. ಗೋದಾಮಿನ ಬಾಗಿಲ ಕಡೆ ಇದ್ದ ಜಾಗ 1.7 ಮೀಟರ್. ಅಲ್ಲಿ ಸ್ಕ್ಯಾನರಿನ ಮಾತೇ ಇಲ್ಲ. ಕಬ್ಬಿಣದ ಜಾಲರಿಯ ಬೇಲಿಯೇ ಬೇಕು ಎಂದೆ. “ಬೇಲಿ ಬೇಡ ಎಂದೇ ಇಷ್ಟು ದುಡ್ಡು ಕೊಟ್ಟು ಇದನ್ನು ತಂದದ್ದು” ಎಂದು ಮಾಲೀಕರು ಅಸಮಾಧಾನಗೊಂಡರು. ಅಪಾಯದ ಯಂತ್ರಭಾಗಕ್ಕೆ ಭದ್ರವಾದ ಬೇಲಿ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಸೆಕ್ಷನ್ನೇ ಹೇಳಿತ್ತು. ಜಾಗ ಸಾಲದಿದ್ದಲ್ಲಿ ಯಾವ ಹೊಸ ಯಂತ್ರವೂ ಅದರಿಂದ ತಪ್ಪಿಸಿಕೊಳ್ಳಲಾಗದು. ಎರಡು ದಿನ ಬಿಟ್ಟು ಅವರೇ ವೆಲ್ಡರನ್ನು ಕರೆಸಿದರು.

ಸ್ಕ್ಯಾನರ್ ಬಂದ ಮೇಲೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಪ್ಯಾಲೆಟ್ 14 ಸೆಂ.ಮೀ., ಮೇಲೆ 27 ಸೆಂ.ಮೀ. ಎತ್ತರದ ಐದು ಸಾಲು ಪೆಟ್ಟಿಗೆ. ನಾಲ್ಕನೆಯ ಮತ್ತು ಐದನೆಯ ಸಾಲಿಗೆ ಹೋಗುವ ಪೆಟ್ಟಿಗೆ ನೆಲದಿಂದ ಸುಮಾರು ಒಂದೂಕಾಲರಿಂದ ಒಂದೂವರೆ ಮೀಟರ್ ಮೇಲೆ ಹಾಯುತ್ತದೆ. ಆ ಇಬ್ಬರು ಹೆಂಗಸರನ್ನು ಕನ್ವೇಯರಿನ ಪಕ್ಕ ನಿಲ್ಲಿಸಿ ಅಳೆದೆ. ಒಬ್ಬರ ಗಲ್ಲ, ಇನ್ನೊಬ್ಬರ ಕಣ್ಣು ಸರಿಯಾಗಿ ಆ ಎತ್ತರಕ್ಕೆ ಬರುತ್ತಿತ್ತು. ಎದೆಗೆ ಲೆಕ್ಕ ಹಾಕಿದ ವೇಗ ಮುಖಕ್ಕೆ ಲಾಗೂ ಆಗುವುದಿಲ್ಲ. ಎಷ್ಟು ನಿಧಾನ ಮಾಡಿದರೆ ಸಾಕು ಎಂದು ಹುಡುಕುವುದನ್ನೇ ಬಿಟ್ಟು, ಮೇಲಿನ ಎರಡು ಸಾಲು ಪೇರಿಸುವಾಗ ಯಾರಾದರೂ ಒಳಬಂದರೆ ತೋಳು ಪೂರ್ತಿ ನಿಲ್ಲಬೇಕು, ಕೆಳಗಿನ ಮೂರು ಸಾಲಿಗೆ ಮಾತ್ರ ನಿಧಾನಗತಿ ಸಾಕು ಎಂದು ಕಟ್ಟಿದೆ. ನಿಲ್ಲುವಾಗ ಇನ್ನೂ ಕೊಂಚ ಹೆಚ್ಚು ಹೊತ್ತು ಹಿಡಿಯುವುದರಿಂದ ಆ ಸಾಲುಗಳಿಗೆ ಸ್ಕ್ಯಾನರಿನ ವಲಯವನ್ನೂ ದೊಡ್ಡದು ಮಾಡಿದೆ. ಈ ಇಡೀ ಕೆಲಸದಲ್ಲಿ ನಾನು ಒಂದಿಷ್ಟೂ ರಾಜಿಯಾಗದೆ ಪಟ್ಟುಹಿಡಿದದ್ದು ಇದಕ್ಕೆ.

ಮಳೆಗಾಲದ ಕರೆಂಟಿನ ವಿಷಯವೂ ಇತ್ತು. ಕರೆಂಟ್ ಹೋಗಿ ಕಂಪ್ರೆಸರ್ ನಿಂತರೆ ವ್ಯಾಕ್ಯೂಮ್ ಇಳಿದು ಪೆಟ್ಟಿಗೆ ಕಾಲಮೇಲೆ ಬೀಳುತ್ತದೆ. ಹಿಮ್ಮುಖ ತಡೆಯುವ ವಾಲ್ವ್, ಗಾಳಿ ಹಿಡಿದಿಡುವ ಸಣ್ಣ ಟ್ಯಾಂಕ್, ವ್ಯಾಕ್ಯೂಮ್ ಕಡಿಮೆಯಾದರೆ ಎತ್ತದಿರಲು ಸ್ವಿಚ್ ಹಾಕಿಸಿದೆವು. ತೇವದಿಂದ ಮೆತ್ತಗಾದ ರಟ್ಟಿನಲ್ಲಿ ಕಪ್ ಹಿಡಿಯದೆ ಪೆಟ್ಟಿಗೆ ಸೊಟ್ಟಗೆ ಕೂರುವುದೂ ಆಗ ಗೊತ್ತಾಯಿತು. ಆ ಸಂಜೆ ಅವರು ಕೈ ಚಾಚಿದ್ದು ಅಂಥದೊಂದು ಪೆಟ್ಟಿಗೆಗೇ. ರಟ್ಟಿನ ದಾಸ್ತಾನನ್ನು ರೋಸ್ಟರಿನ ಪಕ್ಕದ ಬೆಚ್ಚನೆಯ ಕೋಣೆಗೆ ಸಾಗಿಸಿದರು.

ಟೇಪಿನ ಮೇಲಿನ ಪಾಸ್‌ವರ್ಡ್ ಕಿತ್ತು, ಹೊಸದನ್ನು ಮುಚ್ಚಿದ ಲಕೋಟೆಯಲ್ಲಿ ಮಾಲೀಕರ ಕೈಗೆ ಕೊಟ್ಟೆ. ಈ ತೋಳಿನಲ್ಲಿ ಸುರಕ್ಷತೆಯ ಯಾವ ಸಂಖ್ಯೆ ಬದಲಾದರೂ ಪರದೆಯ ಮೂಲೆಯಲ್ಲಿರುವ ನಾಲ್ಕು ಅಕ್ಷರಗಳ ಗುರುತು ಬದಲಾಗುತ್ತದೆ. ಸರಿಯಾದ ಗುರುತನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆವು. ಪ್ರತಿ ಪಾಳಿಯ ಆರಂಭದಲ್ಲಿ ಹೋಲಿಸಿ ಪುಸ್ತಕದಲ್ಲಿ ಸಹಿ ಹಾಕುವುದು ಟೇಪ್ ಅಂಟಿಸುವ ಹೆಂಗಸರ ಕೆಲಸ. ಮೇಲ್ವಿಚಾರಕನ ಕೆಲಸವಲ್ಲ; ಅಲ್ಲಿ ಕೈಯಿಡುವವರು ಅವರು, ನೋಡುವವರೂ ಅವರೇ ಆಗಲಿ ಎಂದು ನಾನೇ ಕೇಳಿಕೊಂಡೆ. ಕೈ ಸಿಕ್ಕಿಕೊಂಡರೆ ಬಿಡಿಸುವುದನ್ನು ಮೂವರಿಗೂ ಕಲಿಸಿದೆವು. ಗೋಣಿಚೀಲ ಸುತ್ತಿದ ಮರದ ತುಂಡನ್ನು ಪೆಟ್ಟಿಗೆಗಳ ನಡುವೆ ಸಿಕ್ಕಿಸಿ, ಪೆಂಡೆಂಟಿನಿಂದ ತೋಳನ್ನು ಸಡಿಲಬಿಟ್ಟು ಎತ್ತುವುದನ್ನು ಒಬ್ಬೊಬ್ಬರೂ ಹತ್ತು ಸಲ ಮಾಡಿದರು. ಗಾಯಗೊಂಡಿದ್ದವರು ಹತ್ತನೆಯ ದಿನ ಕೆಲಸಕ್ಕೆ ಬಂದರು. ಮೊದಲ ಸಲ ಅವರ ಕೈ ನಡುಗುತ್ತಿತ್ತು. ನಾಲ್ಕನೆಯ ಸಲಕ್ಕೆ ಅವರೇ ಜೊತೆಯವರಿಗೆ “ಇಲ್ಲಿ ಹಿಡಿ, ಮೊದಲು ಇದನ್ನು ಒತ್ತು” ಎಂದು ಹೇಳಿಕೊಡತೊಡಗಿದರು.

ಹನ್ನೆರಡು ಸೆಕೆಂಡಿಗೆ ಒಂದಿದ್ದ ಪೆಟ್ಟಿಗೆ ಸರಾಸರಿ ಹದಿಮೂರಕ್ಕೆ ಬಂದಿದೆ. ಸೀಮೆಸುಣ್ಣದ ಗೆರೆಯನ್ನು ಹೊಸ ಅಳತೆಯಲ್ಲಿ ಹಳದಿ ಬಣ್ಣದಿಂದ ಎಳೆಸಿದ್ದಾರೆ.

ಮೊನ್ನೆ ಮಾಲೀಕರು ಮತ್ತೆ ಫೋನ್ ಮಾಡಿದ್ದರು. ಒಂದು ಕೆ.ಜಿ. ಪೊಟ್ಟಣಕ್ಕೆ ಬೇಡಿಕೆ ಬಂದಿದೆ, ಒಂದು ಪೆಟ್ಟಿಗೆಗೆ ಹತ್ತು ತುಂಬಿಸಬಹುದೇ ಎಂದರು. ಹತ್ತು ಕೆ.ಜಿ., ರಟ್ಟು 0.4, ಗ್ರಿಪ್ಪರ್ 2.6, ಒಟ್ಟು 13. ತೋಳು ಹೊರುವುದು 12.5. ಆಗದು ಎಂದೆ. ಎಂಟೇ ತುಂಬಿಸುತ್ತೇವೆ ಎಂದರು. ತುಂಬಿದ ಪೆಟ್ಟಿಗೆಯೊಂದನ್ನು ತಕ್ಕಡಿಗೆ ಹಾಕಿ ತೂಕ ಕಳಿಸಿ, ಭಾರದ ಕೇಂದ್ರವನ್ನು ನಾನು ಬಂದು ನೋಡುವವರೆಗೆ ಓಡಿಸಬೇಡಿ ಎಂದು ಹೇಳಿದ್ದೇನೆ. ಗುರುವಾರ ಹೋಗಬೇಕು.